ಸೊಟ್ಟ ಚಿಪ್ಪಿನ ಆಮೆಯ ಜೊತೆ ಹನ್ನೊಂದು ವರ್ಷ

(ಸಾಕುಪ್ರಾಣಿ ಪ್ರಿಯರ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಹನ್ನೊಂದು ವರ್ಷದಿಂದ ಒಂದು ಸೊಟ್ಟ ಚಿಪ್ಪಿನ ಆಮೆಯನ್ನು ಸಾಕುತ್ತಿದ್ದೇನೆ. ಇಲ್ಲಿ ನಿಂತು ಮಾತಾಡೋಕೆ ಇರುವ ಅರ್ಹತೆ ಅದೊಂದೇ.

ನಮ್ಮ ಆಮೆಯ ಹೆಸರು ತಟ್ಟೆ. ಹೆಸರು ಕೇಳಿ ನಗಬೇಡಿ, ನೋಡಿದರೆ ನೀವೂ ಅದನ್ನೇ ಇಡುತ್ತೀರಿ. ಬೆನ್ನು ಗುಮ್ಮಟದ ಹಾಗೆ ಉಬ್ಬಿರುವ ಬದಲು ನಡುವೆ ತಗ್ಗಾಗಿದೆ. ಸುತ್ತಲಿನ ಅಂಚು ಮೇಲಕ್ಕೆ ಮಡಚಿಕೊಂಡಿದೆ. ಒಳ್ಳೇ ಊಟದ ತಟ್ಟೆ. ಜಾತಿಯಲ್ಲಿ ರೆಡ್ ಇಯರ್ಡ್ ಸ್ಲೈಡರ್, ಅಂದರೆ ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ನೀರಾಮೆ. ಹೆಣ್ಣು. ಊರು ಬಿಟ್ಟು ಹೋಗುತ್ತಿದ್ದ ಪರಿಚಯದವರೊಬ್ಬರು ನಮಗೆ ಕೊಟ್ಟರು. ಅದಕ್ಕೂ ಮುಂಚೆ ನಾಲ್ಕು ವರ್ಷ ಅದು ಕಿಟಕಿ ಪಕ್ಕದ ಗಾಜಿನ ಬಟ್ಟಲಲ್ಲಿತ್ತು. ದಿನಾ ಒಂದು ಚೂರು ಮಾಂಸ, ಮುಟ್ಟಿದರೆ ಬೆಚ್ಚಗಿರುವ ಬಿಸಿಲು. ಅವರು ಪ್ರೀತಿಯಿಂದಲೇ ಸಾಕಿದ್ದರು. ಆ ಕಿಟಕಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದಾಗ ನಾನು ಕೇಳಿದ ಮೊದಲ ಪ್ರಶ್ನೆ, ಇದನ್ನು ನೆಟ್ಟಗೆ ಮಾಡಬಹುದಾ ಅಂತ. ಅವರು ಉತ್ತರ ಕೊಡಲಿಲ್ಲ, ತಿರುಗಿ ಕೇಳಿದರು: ಇದು ಆಗಿ ಹೋದ ಸೊಟ್ಟವಾ, ಇನ್ನೂ ಆಗುತ್ತಿರುವ ಸೊಟ್ಟವಾ? ಆಗ ನನಗೆ ಸ್ವಲ್ಪ ಸಿಟ್ಟೇ ಬಂತು. ಆದರೆ ಇವತ್ತು ನಾನು ಹೇಳುವುದೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಚಿಪ್ಪು ಅಂದರೆ ಏನು ಅನ್ನುವುದು ಮೊದಲು ತಿಳಿಯಬೇಕು. ಕಾರ್ಟೂನ್‌ಗಳಲ್ಲಿ ಆಮೆ ಚಿಪ್ಪನ್ನು ಅಂಗಿಯ ಹಾಗೆ ಕಳಚಿಟ್ಟು ಓಡುತ್ತದೆ, ಅಲ್ವಾ? ನಿಜವಾಗಿ ಅದು ಸಾಧ್ಯವೇ ಇಲ್ಲ. ಚಿಪ್ಪು ಆಮೆಯ ಮನೆ ಅಲ್ಲ, ಅದರ ಅಸ್ಥಿಪಂಜರ. ಪಕ್ಕೆಲುಬುಗಳು ಅಗಲವಾಗಿ ಹರಡಿ, ಬೆನ್ನುಮೂಳೆಯ ಜೊತೆ ಬೆಸೆದುಕೊಂಡು ಬೆನ್ನಿನ ಚಿಪ್ಪಾಗಿದೆ. ಮೇಲಿನದೂ ಕೆಳಗಿನದೂ ಸೇರಿ 50-60 ಮೂಳೆಗಳು. ಒಂದು ಸ್ವಾರಸ್ಯ ಹೇಳಲಾ? ನಮ್ಮ ಹೆಗಲ ಮೂಳೆ ಪಕ್ಕೆಲುಬಿನ ಹೊರಗಿದೆ. ಆಮೆಯದು ಪಕ್ಕೆಲುಬಿನ ಒಳಗಿದೆ. ಇನ್ನೊಂದು ಸ್ವಾರಸ್ಯ: ಚೀನಾದಲ್ಲಿ ಸಿಕ್ಕ, ಸುಮಾರು 22 ಕೋಟಿ ವರ್ಷ ಹಳೆಯ ಒಡೊಂಟೊಕೆಲಿಸ್ ಎಂಬ ಆಮೆಗೆ ಹೊಟ್ಟೆಯ ಚಿಪ್ಪು ಪೂರ್ತಿ ಇತ್ತು, ಬೆನ್ನಿನದು ಇನ್ನೂ ಪೂರ್ತಿ ಆಗಿರಲಿಲ್ಲ. 2008ರಲ್ಲಿ ವಿಜ್ಞಾನಿಗಳು ಅದನ್ನು ಜಗತ್ತಿಗೆ ಪರಿಚಯಿಸಿದರು. ನನಗೆ ಇಂಥದ್ದೆಲ್ಲ ಇಷ್ಟ, ಅದಕ್ಕೇ ಹೇಳಿದೆ. ವಿಷಯಕ್ಕೆ ಬರೋಣ.

ಈ ಮೂಳೆಯ ಮೇಲೆ ನಮ್ಮ ಉಗುರಿನಂಥದ್ದೇ ವಸ್ತುವಿನ ಬಿಲ್ಲೆಗಳು ಕೂತಿರುತ್ತವೆ. ಸಾಮಾನ್ಯವಾಗಿ ಬೆನ್ನಿನ ಮೇಲೆ 38: ನಡುವೆ 5, ಎರಡು ಪಕ್ಕಕ್ಕೆ ನಾಲ್ಕು ನಾಲ್ಕು, ಉಳಿದ 25 ಅಂಚಿನ ಸುತ್ತ. ಬಿಲ್ಲೆಗಳ ಸಂದೂ ಕೆಳಗಿನ ಮೂಳೆಗಳ ಸಂದೂ ಒಂದೇ ಜಾಗಕ್ಕೆ ಬರುವುದಿಲ್ಲ. ಗಾರೆ ಕೆಲಸದವರು ಇಟ್ಟಿಗೆ ಇಡುವಾಗ ಮೇಲಿನ ಸಾಲಿನ ಸಂದು ಕೆಳಗಿನ ಸಾಲಿನ ಸಂದಿಗೆ ಕೂರದ ಹಾಗೆ ನೋಡಿಕೊಳ್ಳುತ್ತಾರಲ್ಲ, ಅದೇ ಲೆಕ್ಕ. ಮತ್ತೆ ಚಿಪ್ಪಿಗೆ ನರಗಳಿವೆ. ಮುಟ್ಟಿದರೆ ಆಮೆಗೆ ಗೊತ್ತಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಅರ ಹಿಡಿದು ಉಜ್ಜುವವರ ಮಾತು ಬಂದಾಗ ಬೇಕಾಗುತ್ತದೆ.

ಇನ್ನು, ಯಾವುದು ತೊಂದರೆಯೇ ಅಲ್ಲ ಅನ್ನುವುದನ್ನು ಬೇಗ ಮುಗಿಸುತ್ತೇನೆ. ಎಣಿಸಿದಾಗ 38ರ ಬದಲು 39 ಅಥವಾ 40 ಬಿಲ್ಲೆ ಬಂದರೆ, ನಡುವಿನ ಒಂದು ಬಿಲ್ಲೆ ಸೀಳಿದ ಹಾಗಿದ್ದರೆ, ಅದು ಮೊಟ್ಟೆಯೊಳಗೇ ಆದದ್ದು. ನಮ್ಮಲ್ಲಿ ಕೆಲವರಿಗೆ ಆರು ಬೆರಳಿರುವ ಹಾಗೆ. ಅದರಿಂದ ಕೆಡುಕೇನೂ ಇಲ್ಲ. ನೀರಾಮೆಯ ಬಿಲ್ಲೆಗಳಿಂದ ಆಗಾಗ ಕನ್ನಡಿಯಂಥ ತೆಳ್ಳಗಿನ ಪೊರೆ ಕಳಚಿ ಬೀಳುತ್ತದೆ. ಅದೂ ಸಹಜ. ಮೊಟ್ಟೆಯಿಂದ ಆಗಷ್ಟೇ ಬಂದ ಮರಿಯ ಚಿಪ್ಪು ಸ್ವಲ್ಪ ಬಾಗುತ್ತದೆ. ನಕ್ಷತ್ರ ಆಮೆಯ ಬೆನ್ನ ಮೇಲಿನ ಉಬ್ಬುಗಳು ಸ್ವಲ್ಪ ಮಟ್ಟಿಗೆ ಹುಟ್ಟುಗುಣ. ಮೆತ್ತನೆ ಚಿಪ್ಪಿನ ಆಮೆ ಅಂತಲೇ ಒಂದು ಜಾತಿ ಇದೆ, ಅದರ ಬೆನ್ನು ಚರ್ಮದ ಹಾಗೇ ಇರಬೇಕು. ಇವನ್ನು ನೋಡಿ ಗಾಬರಿ ಬೇಡ.

ಈಗ ಡಾಕ್ಟರ ಪ್ರಶ್ನೆಗೆ ಬರೋಣ. ಆಗಿ ಹೋದದ್ದಾ, ಆಗುತ್ತಿರುವುದಾ?

ಚಿಪ್ಪು ಬರೀ ಗುರಾಣಿ ಅಲ್ಲ, ಖನಿಜದ ಉಗ್ರಾಣ ಕೂಡ. ಪೇಂಟೆಡ್ ಟರ್ಟಲ್ ಅನ್ನುವ ಆಮೆ ಚಳಿಗಾಲದಲ್ಲಿ ಹಿಮ ಕಟ್ಟಿದ ಕೆರೆಯ ತಳದಲ್ಲಿ ಉಸಿರಾಡದೆ ತಿಂಗಳುಗಟ್ಟಲೆ ಇರುತ್ತದೆ. ಆಗ ಮೈಯಲ್ಲಿ ಹುಳಿ ಸೇರಿಕೊಳ್ಳುತ್ತದೆ. ಅದನ್ನು ತಣಿಸೋಕೆ ಚಿಪ್ಪಿನಿಂದಲೇ ಕ್ಷಾರ ಕರಗಿ ರಕ್ತಕ್ಕೆ ಬರುತ್ತದೆ. ಅಂದರೆ ಈ ಉಗ್ರಾಣದಿಂದ ತೆಗೆಯುವ ದಾರಿ ಮೊದಲೇ ಇದೆ. ಕೆಟ್ಟ ಸಾಕಣೆಯಲ್ಲೂ ನಡೆಯುವುದು ಇಂಥದ್ದೇ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಹೃದಯ, ಸ್ನಾಯು ಎಲ್ಲ ಕೆಡುತ್ತವೆ. ಅದಕ್ಕೇ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯಿಂದ ಕ್ಯಾಲ್ಸಿಯಂ ಎಳೆಯಲು ಹೇಳುತ್ತದೆ. ಆಮೆಯ ಮೂಳೆಯಲ್ಲಿ ದೊಡ್ಡ ಪಾಲು ಚಿಪ್ಪೇ. ದಿನಾ ತೆಗೆದು, ಏನೂ ಹಾಕದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ಬೆಳೆಯುತ್ತಿರುವ ಮೈ, ಒಳಗಿನ ಸ್ನಾಯುಗಳ ಎಳೆತ, ಎಲ್ಲ ಸೇರಿ ಆ ಮೆತ್ತನೆ ಚಿಪ್ಪನ್ನು ಬಗ್ಗಿಸುತ್ತವೆ. ನಮ್ಮ ತಟ್ಟೆ ತಟ್ಟೆಯಾದದ್ದು ಹೀಗೆ. ಡಾಕ್ಟರುಗಳು ಇದನ್ನು ಮೆಟಬಾಲಿಕ್ ಬೋನ್ ಡಿಸೀಸ್ ಅನ್ನುತ್ತಾರೆ.

ಕಿಟಕಿಯ ವಿಷಯ ಈಗ. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ವಿಟಮಿನ್ ಡಿ3 ಬೇಕು. ಅದು ತಯಾರಾಗುವುದು ಚರ್ಮದಲ್ಲಿ, ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಕಿರಣ ಬಿದ್ದಾಗ. ಸುಮಾರು 290ರಿಂದ 315 ನ್ಯಾನೋಮೀಟರ್ ಅಲೆಯ ಬೆಳಕು. ಮಾಮೂಲಿ ಕಿಟಕಿ ಗಾಜು ಅದನ್ನು ತಡೆದುಬಿಡುತ್ತದೆ. ಬೆಳಕು ಒಳಗೆ ಬರುತ್ತದೆ, ಬಿಸಿಯೂ ಬರುತ್ತದೆ, ಬೇಕಾದದ್ದು ಮಾತ್ರ ಹೊರಗೇ ಉಳಿಯುತ್ತದೆ. ನಾಲ್ಕು ವರ್ಷ ಆ ಆಮೆ ಬಿಸಿಲಲ್ಲೇ ಕೂತು ಬಿಸಿಲಿಗೆ ಬರಗೆಟ್ಟಿತ್ತು.

ಹಾಗಾಗಿ ಯುವಿಬಿ ಬಲ್ಬ್ ಅನ್ನು ನೇರವಾಗಿ, ನಡುವೆ ಗಾಜು ಪ್ಲಾಸ್ಟಿಕ್ ಏನೂ ಇಲ್ಲದೆ ಹಾಕಬೇಕು. ಎಷ್ಟು ದೂರ ಅನ್ನುವುದು ಬಲ್ಬಿನ ಶಕ್ತಿಯ ಮೇಲೆ ಹೋಗುತ್ತದೆ. ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನೇ ಪಾಲಿಸಿ. ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಆರು ತಿಂಗಳಿಂದ ವರ್ಷದೊಳಗೆ ಬಲ್ಬಿನ ಯುವಿಬಿ ಕುಂದಿಬಿಡುತ್ತದೆ, ಆದರೆ ಕಣ್ಣಿಗೆ ಕಾಣುವ ಬೆಳಕು ಹಾಗೇ ಉರಿಯುತ್ತಿರುತ್ತದೆ. ಉರಿಯುತ್ತಿದೆಯಲ್ಲ ಅಂತ ನಾವು ಸುಮ್ನೆ ಇದ್ದುಬಿಡುತ್ತೇವೆ. ನಾನೂ ಒಂದು ಸಲ ಹದಿನೆಂಟು ತಿಂಗಳು ಹಾಗೇ ಇದ್ದೆ.

ಬೆಳಕಿನ ಜೊತೆಗೆ ಬಿಸಿಯೂ ಬೇಕು. ಚರ್ಮದಲ್ಲಿ ಡಿ3 ತಯಾರಾಗುವ ಕೆಲಸ ಮೈ ಬೆಚ್ಚಗಿದ್ದರೆ ಸಲೀಸು. ತಿಂದದ್ದು ಅರಗಲೂ ಬಿಸಿ ಬೇಕು. ಸ್ಲೈಡರ್‌ಗೆ ಮೈ ಕಾಯಿಸುವ ಜಾಗ 32ರಿಂದ 35 ಡಿಗ್ರಿ ಸೆಲ್ಸಿಯಸ್, ನೀರು 24ರಿಂದ 27. ಹೊರಗಿನ ನಿಜ ಬಿಸಿಲು ಎಲ್ಲಕ್ಕಿಂತ ಒಳ್ಳೆಯದು, ಆದರೆ ಪಕ್ಕದಲ್ಲಿ ನೆರಳಿರಲೇಬೇಕು. ಗಾಜಿನ ತೊಟ್ಟಿಯನ್ನೇ ಎತ್ತಿ ಬಿಸಿಲಲ್ಲಿಡಬೇಡಿ. ಬೇಗ ಕಾದು ಆಮೆ ಬೆಂದುಹೋಗುತ್ತದೆ.

ಊಟದಲ್ಲಿ ಕ್ಯಾಲ್ಸಿಯಂ, ರಂಜಕದ (ಅಂದರೆ ಫಾಸ್ಫರಸ್) ಸುಮಾರು ಎರಡರಷ್ಟಿರಬೇಕು. ಬರೀ ಮಾಂಸದ ಚೂರಿನಲ್ಲಿ ಇದು ಉಲ್ಟಾ. ರಂಜಕವೇ ಹತ್ತು ಪಟ್ಟಿಗೂ ಜಾಸ್ತಿ. ಒಳ್ಳೆಯ ಆಮೆ ಆಹಾರದ ಗುಳಿಗೆ, ಸೊಪ್ಪು, ಆಗಾಗ ಮೂಳೆ ಸಮೇತ ಸಣ್ಣ ಮೀನು, ಕಚ್ಚಲು ಕಟ್ಲ್‌ಬೋನ್, ಅಂದರೆ ಕಟ್ಲ್‌ಫಿಶ್ ಎಂಬ ಕಡಲಜೀವಿಯ ಸುಣ್ಣದಂಥ ಒಳಚಿಪ್ಪು, ಒಂದು ತುಂಡು. ಪಾಲಕ್ ಮಾತ್ರ ದಿನಾ ಬೇಡ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡುಬಿಡುತ್ತದೆ. ಹಾಗಂತ ಡಿ3 ಹನಿಗಳನ್ನು ನೀವೇ ತಂದು ಸುರಿಯಬೇಡಿ. ಜಾಸ್ತಿಯಾದರೆ ಮೆತ್ತಗಿರಬೇಕಾದ ಅಂಗಗಳಲ್ಲಿ ಸುಣ್ಣ ಕಟ್ಟುತ್ತದೆ.

ನೆಲದಾಮೆ ಸಾಕುವವರಿಗೆ ಒಂದು ಮಾತು. ಬಿಲ್ಲೆಗಳು ಗೋಪುರದ ಹಾಗೆ ಮೇಲೇಳುವುದನ್ನು ಬಹಳ ದಿನ ಪ್ರೋಟೀನ್ ಜಾಸ್ತಿಯಾದ ಫಲ ಅಂತ ಹೇಳುತ್ತಿದ್ದರು. ಸಲ್ಕಾಟಾ ಎಂಬ ಆಫ್ರಿಕಾದ ನೆಲದಾಮೆಯ ಮರಿಗಳ ಮೇಲೆ ನಡೆಸಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅದರಲ್ಲಿ ಎದ್ದು ಕಂಡದ್ದು ಪ್ರೋಟೀನ್ ಅಲ್ಲ, ಗಾಳಿಯ ತೇವ. ಒಣ ಗಾಳಿಯಲ್ಲಿ ಬೆಳೆದ ಮರಿಗಳ ಚಿಪ್ಪು ಜಾಸ್ತಿ ಉಬ್ಬಿತ್ತು. ಮರುಭೂಮಿಯ ಅಂಚಿನ ಪ್ರಾಣಿ ಅಂತ ಮರಿಯನ್ನು ಒಣಗಿಸಿ ಇಡುವುದು ತಪ್ಪು ಅಂತಾಯಿತು.

ಸರಿ. ಬೆಳಕು, ಬಿಸಿ, ಊಟ ಮೂರನ್ನೂ ಸರಿಮಾಡಿದೆವು. ವರ್ಷದ ನಂತರ ಎಕ್ಸ್‌ರೇಯಲ್ಲಿ ಮೂಳೆ ಗಟ್ಟಿಯಾಗಿತ್ತು. ನಾನು ಕಾಯುತ್ತಿದ್ದದ್ದು ಚಿಪ್ಪು ನೆಟ್ಟಗಾಗಲಿ ಅಂತ. ಅದು ಸೊಟ್ಟಗೇ ಗಟ್ಟಿಯಾಯಿತು! ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರಲ್ಲ, ಇಲ್ಲಿ ಗಿಡವಾಗಿ ಬಗ್ಗಿದ್ದು ಮರವಾಗಿ ನೆಟ್ಟಗಾಗಲಿಲ್ಲ. ಬೇಜಾರಾಯಿತು. ಡಾಕ್ಟರು ಮಾತ್ರ ಖುಷಿಯಾಗಿದ್ದರು. ಈಗ ಇದು ಆಗಿ ಹೋದ ಸೊಟ್ಟ ಅಂದರು.

ಅಮೆರಿಕದ ಮಿಸೌರಿಯಲ್ಲಿ 1993ರಲ್ಲಿ ಸಿಕ್ಕ ಪೀನಟ್ ಎಂಬ ಆಮೆಯ ಚಿತ್ರ ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದೂ ಸ್ಲೈಡರ್ರೇ. ಮರಿಯಿದ್ದಾಗ ಪಾನೀಯದ ಡಬ್ಬಿಗಳನ್ನು ಜೋಡಿಸುವ ಪ್ಲಾಸ್ಟಿಕ್ ಬಳೆಯೊಳಗೆ ಸಿಕ್ಕಿಕೊಂಡಿತ್ತು. ಬಳೆಯ ಸುತ್ತ ಚಿಪ್ಪು ಬೆಳೆದು ಇಂಗ್ಲಿಷಿನ ಎಂಟರ ಅಂಕೆಯ ಹಾಗೆ, ಕಡಲೆಕಾಯಿಯ ಹಾಗೆ ಆಯಿತು. ಬಳೆ ತೆಗೆದರು. ನಡು ಮಾತ್ರ ಹಾಗೇ ಉಳಿಯಿತು. ಕಸ ಎಸೆಯಬೇಡಿ ಅನ್ನುವ ಅಲ್ಲಿನ ಪ್ರಚಾರಕ್ಕೆ ಅದೇ ರಾಯಭಾರಿಯಾಗಿ ವರ್ಷಗಟ್ಟಲೆ ಬದುಕಿತು. ಕಾರಣ ಹೋದರೂ ಆಕಾರ ಹೋಗುವುದಿಲ್ಲ. ಆಕಾರ ಹೋಗದಿದ್ದರೂ ಬದುಕು ನಡೆಯುತ್ತದೆ.

ಆದರೆ ಸುತ್ತಲಿನ ಜಾಗವನ್ನು ಆ ಮೈಗೆ ತಕ್ಕಂತೆ ಬದಲಿಸಬೇಕು. ನನಗೆ ಇದು ತಡವಾಗಿ ಹೊಳೆಯಿತು. ಆಮೆಯ ಶ್ವಾಸಕೋಶ ಬೆನ್ನಿನ ಚಿಪ್ಪಿನ ಕೆಳಗೇ ಅಂಟಿಕೊಂಡ ಹಾಗಿದೆ. ಪಕ್ಕೆಲುಬು ಅಲುಗುವುದಿಲ್ಲ, ಹಾಗಾಗಿ ನಮ್ಮ ಹಾಗೆ ಎದೆ ಉಬ್ಬಿಸಿ ಉಸಿರಾಡಲು ಬರುವುದಿಲ್ಲ. ಒಳಗಿನ ಸ್ನಾಯುಗಳು ಜಗ್ಗಿ ಬಿಟ್ಟು ಮಾಡಿ ಗಾಳಿ ಎಳೆಯುತ್ತವೆ. ಬೆನ್ನು ತಗ್ಗಾದರೆ ಗಾಳಿಗೆ ಜಾಗ ಕಡಿಮೆ. ತೇಲುವ ಸಮತೋಲವೂ ತಪ್ಪುತ್ತದೆ. ನಾನೋ, ಪುಸ್ತಕದ ಮಾತು ನಂಬಿ ಆಳವಾದ ತೊಟ್ಟಿ ಮಾಡಿಸಿದ್ದೆ. ತಟ್ಟೆ ಒಂದು ಪಕ್ಕಕ್ಕೆ ವಾಲಿಕೊಂಡು ಈಜುತ್ತಿತ್ತು. ಮೇಲೆ ಬಂದು ಉಸಿರು ಎಳೆದು ಮುಳುಗುವಷ್ಟರಲ್ಲಿ ಸುಸ್ತು. ಈಜಲಿ ಬಿಡಿ, ವ್ಯಾಯಾಮ ಆಗುತ್ತದೆ ಅಂದುಕೊಂಡಿದ್ದೆ. ಪಾಪ.

ಈಗಿನ ತೊಟ್ಟಿ ಉದ್ದ ಜಾಸ್ತಿ, ಆಳ ಕಡಿಮೆ. ಎಷ್ಟು ಕಡಿಮೆ ಅಂದರೆ, ಹಿಂಗಾಲ ಮೇಲೆ ನಿಂತು ಕತ್ತು ಚಾಚಿದರೆ ಮೂಗು ಹೊರಗೆ ಬರಬೇಕು. ಆದರೆ ಚಿಪ್ಪಿನ ಅಗಲಕ್ಕಿಂತ ಕಡಿಮೆ ನೀರಿದ್ದರೆ, ಮಗುಚಿ ಬಿದ್ದಾಗ ತಿರುಗಿಕೊಳ್ಳಲು ಜಾಗ ಸಾಲುವುದಿಲ್ಲ. ಅಂಗಾತ ಬಿದ್ದ ಆಮೆ ಅಷ್ಟು ಕಡಿಮೆ ನೀರಲ್ಲೂ ಮುಳುಗಿ ಸಾಯಬಹುದು. ಈ ಎರಡರ ನಡುವೆ ನಿಮ್ಮ ಆಮೆಗೆ ಎಲ್ಲಿ ಸರಿಹೋಗುತ್ತದೆ ಅಂತ ಪಕ್ಕದಲ್ಲಿ ಕೂತು ನೋಡಿಯೇ ತಿಳಿಯಬೇಕು. ನೀರಿನ ಮಟ್ಟದಿಂದ ಸ್ವಲ್ಪ ಕೆಳಗೆ ಒಂದು ಅಗಲ ಮೆಟ್ಟಿಲು ಇಟ್ಟಿದ್ದೇವೆ. ಅಲ್ಲಿ ಕೂತರೆ ಈಜದೆಯೇ ಉಸಿರಾಡಬಹುದು. ಹತ್ತುವ ಇಳಿಜಾರು ತೀರಾ ಕಡಿದಾಗಿರಬಾರದು, ಮೇಲ್ಮೈ ಒರಟಾಗಿರಬೇಕು. ಮೊದಲು ಹಾಕಿದ ನುಣುಪಾದ ಹಲಗೆಯಿಂದ ತಟ್ಟೆ ಜಾರಿ ಜಾರಿ ಬಿದ್ದು, ಕೊನೆಗೆ ಹತ್ತುವುದನ್ನೇ ಬಿಟ್ಟಿತ್ತು. ಹತ್ತದಿದ್ದರೆ ಬೆಳಕಿಲ್ಲ. ಬೆಳಕಿಲ್ಲದಿದ್ದರೆ ಮತ್ತೆ ಮೊದಲಿನ ರೋಗ. ಒಂದು ಹಲಗೆಯಿಂದ ಎಲ್ಲ ಶುರುವಿಗೆ ಬಂದು ನಿಲ್ಲುತ್ತಿತ್ತು.

ಒಂದು ಎಚ್ಚರ: ಯಾವತ್ತೂ ನೆಟ್ಟಗೆ ಈಜುತ್ತಿದ್ದ ಆಮೆ ಹಠಾತ್ತನೆ ವಾಲಿದರೆ ಅದು ಚಿಪ್ಪಿನ ಮಾತಲ್ಲ, ನ್ಯುಮೋನಿಯಾ ಇರಬಹುದು. ಕಾಯಬೇಡಿ.

ತಟ್ಟೆಯಂಥ ಬೆನ್ನಿನ ಇನ್ನೊಂದು ಕಷ್ಟ, ಅದು ತಟ್ಟೆಯ ಕೆಲಸವನ್ನೇ ಮಾಡುತ್ತದೆ. ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಪಾಚಿ ಕಟ್ಟುತ್ತದೆ. ಕೊಳೆ ಹಿಡಿಯುವುದು ಅಲ್ಲೇ. ಒಮ್ಮೆ ಅಂಚಿನ ಮಡಿಕೆಯಲ್ಲಿ ಬಿಳಿಚಿದ ಕಲೆ ಕಂಡಿತು. ಪಾಚಿ ಅಂದುಕೊಂಡು ಎರಡು ವಾರ ಬ್ರಷ್‌ನಿಂದ ಉಜ್ಜಿದೆ. ಆಮೇಲೆ ವಾಸನೆ ಬಂತು. ಕೊಳೆತ ವಾಸನೆ, ಒಂದು ಸಲ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಬಿಲ್ಲೆಯ ಅಡಿಯಲ್ಲಿ ಹುಣ್ಣಾಗಿತ್ತು, ನಾನು ಅದನ್ನೇ ಉಜ್ಜಿ ದೊಡ್ಡದು ಮಾಡಿದ್ದೆ. ಡಾಕ್ಟರು ಸತ್ತ ಭಾಗ ತೆಗೆದು, ಔಷಧಿ ಹಚ್ಚಿ, ದಿನದ ಹೆಚ್ಚು ಹೊತ್ತು ನೀರಿನ ಹೊರಗೆ ಬೆಚ್ಚಗೆ ಒಣಗಿಸಿಡಲು ಹೇಳಿದರು. ಊಟಕ್ಕೆ, ನೀರು ಕುಡಿಯಲು ಮಾತ್ರ ಸ್ವಲ್ಪ ಹೊತ್ತು ತೊಟ್ಟಿ. ತೊಳೆಯಲು ಪೊವಿಡೋನ್ ಅಯೋಡಿನ್ ಎಂಬ ಕ್ರಿಮಿನಾಶಕ, ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ. ಹುಣ್ಣು ಮುಚ್ಚಲು ತಿಂಗಳುಗಳೇ ಹಿಡಿದವು. ಆಮೆಯ ಮೈಯಲ್ಲಿ ಯಾವುದೂ ಅವಸರದಲ್ಲಿ ಆಗುವುದಿಲ್ಲ, ರೋಗವೂ ಅಷ್ಟೇ, ಗುಣವೂ ಅಷ್ಟೇ. ಹೊಟ್ಟೆಯ ಚಿಪ್ಪು ಕೆಂಪಗೆ ರಕ್ತ ಇಣುಕಿದ ಹಾಗೆ ಕಂಡರೆ ಮಾತ್ರ ಮನೆಮದ್ದಿನ ಯೋಚನೆ ಬಿಡಿ. ಸೋಂಕು ರಕ್ತಕ್ಕೆ ಹೋಗಿರಬಹುದು, ಅವತ್ತೇ ಡಾಕ್ಟರ ಹತ್ತಿರ ಓಡಿ.

ಚಿಪ್ಪಿಗೆ ಎಣ್ಣೆ ಹಚ್ಚುವುದು, ಬಣ್ಣ ಬಳಿಯುವುದು, ಹೊಳಪು ಕೊಡುವುದು, ಯಾವುದೂ ಬೇಡ. ಬಿರುಕು ಬಿಟ್ಟರೆ ಅಂಟು ಹಾಕಿ ಮುಚ್ಚಬೇಡಿ. ಕೊಳೆಯನ್ನು ಒಳಗಿಟ್ಟು ಬೀಗ ಹಾಕಿದ ಹಾಗೆ ಆಗುತ್ತದೆ. ಒದ್ದೆ ಮಾಡದೆ, ಶುಭ್ರ ಬಟ್ಟೆ ಸುತ್ತಿ ಕರೆದುಕೊಂಡು ಹೋಗಿ. ಮೇಲೆದ್ದ ಅಂಚನ್ನು ಅರದಿಂದ ಉಜ್ಜಿ ಸಮ ಮಾಡಿದೆ ಅಂತ ಒಬ್ಬರು ನನಗೆ ಹೆಮ್ಮೆಯಿಂದ ಹೇಳಿದ್ದರು. ನರ ಇದೆ ಅಂದೆನಲ್ಲ. ಜೀವ ಇರುವ ಮೂಳೆ ಅದು.

ಹೆಣ್ಣಾಮೆ ಇದ್ದರೆ ಇದನ್ನು ಗಮನವಿಟ್ಟು ಕೇಳಿ. ಗಂಡಿಲ್ಲದಿದ್ದರೂ ಮೊಟ್ಟೆ ಬರುತ್ತದೆ. ಚಿಪ್ಪು ಸೊಟ್ಟಗಿದ್ದು ಒಳಗಿನ ದಾರಿ ಕಿರಿದಾಗಿದ್ದರೆ ಮೊಟ್ಟೆ ಸಿಕ್ಕಿಕೊಳ್ಳುತ್ತದೆ. ಊಟ ಬಿಡುವುದು, ತೊಟ್ಟಿಯ ಗೋಡೆ ಕೆರೆಯುವುದು, ಹಿಂಗಾಲಿನಿಂದ ಅಗೆಯುವುದು ಮೊಟ್ಟೆ ಬಂದಿರುವುದರ ಸೂಚನೆ. ಮೊದಲ ವರ್ಷ ನನಗೆ ಇದು ಗೊತ್ತೇ ಇರಲಿಲ್ಲ, ಮುನಿಸಿಕೊಂಡಿದೆ ಅಂದುಕೊಂಡೆ. ಎಕ್ಸ್‌ರೇಯಲ್ಲಿ ಏಳು ಮೊಟ್ಟೆ! ಈಗ ಒಂದು ದೊಡ್ಡ ಡಬ್ಬದಲ್ಲಿ ತೇವದ ಮಣ್ಣು ಮರಳು ಬೆರೆಸಿ, ಒಂದು ಗೇಣಿಗಿಂತ ಆಳವಾಗಿ ತುಂಬಿ ಇಟ್ಟಿರುತ್ತೇವೆ. ಮೊಟ್ಟೆಯ ಸಿಪ್ಪೆಗೂ ಕ್ಯಾಲ್ಸಿಯಂ ಅದೇ ಉಗ್ರಾಣದಿಂದಲೇ ಹೋಗಬೇಕು, ಮರೆಯಬೇಡಿ.

ಇನ್ನು ಸಭೆಯಲ್ಲಿ ಕೇಳಿದ ಪ್ರಶ್ನೆಗಳು.

ಮಕ್ಕಳಿರುವ ಮನೆಯಲ್ಲಿ ಅಪಾಯವಾ ಅಂತ ಒಬ್ಬರು ಕೇಳಿದರು. ಆರೋಗ್ಯವಾಗಿರುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಯನ್ನು ಸಾಕಲು ಮಾರುವುದೇ ನಿಷೇಧ. ಮಕ್ಕಳು ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ತೊಟ್ಟಿಯನ್ನು ಅಡುಗೆಮನೆಯಲ್ಲಿ ತೊಳೆಯಬೇಡಿ. ತೀರಾ ಪುಟ್ಟ ಮಕ್ಕಳಿದ್ದರೆ ಆಮೆ ತರುವುದನ್ನೇ ಮುಂದೂಡಿ.

ನೋಡಿಕೊಳ್ಳಲು ಆಗದಿದ್ದರೆ ಕೆರೆಗೆ ಬಿಡಬಹುದಾ? ಬೇಡವೇ ಬೇಡ. ಸ್ಲೈಡರ್ ಹೊರಗಿನಿಂದ ಬಂದು ಹಾವಳಿ ಮಾಡುವ ಜಗತ್ತಿನ 100 ಕೆಟ್ಟ ಜೀವಿಗಳ ಪಟ್ಟಿಯಲ್ಲಿದೆ. ಸೊಟ್ಟ ಚಿಪ್ಪಿನದಾದರೆ ಅಲ್ಲಿ ತಾನೇ ಬದುಕುವುದೂ ಕಷ್ಟ. ಈ ಜಾತಿಗೆ ಮೂವತ್ತು ವರ್ಷ ದಾಟುವ ಆಯುಷ್ಯ ಇದೆ. ತರುವ ಮುಂಚೆ ಆ ಲೆಕ್ಕ ಹಾಕಿ.

ಮತ್ತೆ ಕೆಡುತ್ತಿದೆ ಅಂತ ಮನೆಯಲ್ಲೇ ಹೇಗೆ ತಿಳಿಯುವುದು? ಇದು ಒಳ್ಳೆಯ ಪ್ರಶ್ನೆ. ನಾವು ವಾರಕ್ಕೊಮ್ಮೆ ಆಮೆಗೆಂದೇ ಇಟ್ಟ ತಕ್ಕಡಿಯಲ್ಲಿ ತೂಕ ನೋಡುತ್ತೇವೆ. ತಿಂಗಳಿಗೊಮ್ಮೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೇಲಿನಿಂದ, ಪಕ್ಕದಿಂದ, ಹೊಟ್ಟೆಯ ಕಡೆಯಿಂದ ಮೂರು ಫೋಟೋ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ, ಆರು ತಿಂಗಳ ಫೋಟೋ ಪಕ್ಕಪಕ್ಕ ಇಟ್ಟರೆ ಕಾಣುತ್ತದೆ. ನಮ್ಮ ಹಳೆಯ ಫೋಟೋಗಳಲ್ಲಿ ನೋಡಿ, ತಟ್ಟೆಯ ತಗ್ಗು ಹಾಗೇ ಇದೆ, ಆದರೆ ಬಿಲ್ಲೆಗಳ ಅಂಚಿಗೆ ಆಮೇಲೆ ಸೇರಿಕೊಂಡ ಉಂಗುರಗಳು ಸಮವಾಗಿವೆ. ಹಳೆಯದು ಸೊಟ್ಟ, ಹೊಸದು ನೆಟ್ಟಗೆ. ಹೊಸ ಉಂಗುರವೂ ಸೊಟ್ಟವಾದರೆ ಬಲ್ಬ್ ನೋಡಿ.

ಬಲ್ಬ್ ಹಾಕಿದ ದಿನ ನೆನಪಿರುವುದಿಲ್ಲವಲ್ಲ ಅಂದರು ಒಬ್ಬರು. ನನಗೂ ಇರುವುದಿಲ್ಲ. ಹೋಲ್ಡರ್ ಮೇಲೆ ಒಂದು ಟೇಪ್ ಅಂಟಿಸಿ, ಮಾರ್ಕರ್‌ನಲ್ಲಿ ತಾರೀಖು ಬರೆದಿಡಿ.